ಘೋಣಸಗಿಯ ಹುಡುಗಿ ತಂದ ಎರಡು ಬಾಟಲಿ

ರವಿವಾರ ಬೆಳಿಗ್ಗೆ ನಾನು ಮೂರನೆಯ ಸಲ ಅಡುಗೆಮನೆಗೆ ಹೋಗಿ, ಪಾತ್ರೆಯ ಮುಚ್ಚಳ ಸರಿಸಿ, ಒಂದು ತೊಗರಿಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿದೆ. ಬೆಂದಿತ್ತು. ಎರಡನೆಯ ಸಲ ನೋಡಿದಾಗಲೂ ಬೆಂದಿತ್ತು. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯ ನಲ್ಲಿಗೆ ಬರುವುದು ಹೊಳೆಯ ನೀರು. ಅದರಲ್ಲಿ ಬೇಳೆ ಬೇಯದೆ ಏನಾದೀತು?

"ಅತ್ಯಾ, ಬ್ಯಾಳಿ ಪಾಸ್ ಆಗೇತ್ರಿ," ಎಂದಳು ಸೊಸೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಇನ್ನ ಎಷ್ಟ ಸಲ ಪರೀಕ್ಷಾ ತಗೋತೀರಿ? ಬಬಲೇಶ್ವರದಿಂದ ಬಂದಾಗಿಂದ ನಿಮ್ಮ ಕಾಲಾಗ ಗಾಲಿ ಕೂತಾವ ನೋಡ್ರಿ."

"ಐ ಆಮ್ ಪರ್ಫೆಕ್ಟ್ಲಿ ಫೈನ್," ಎಂದೆ. ಸುಳ್ಳು. ಗುರುವಾರ ಸಂಜೆಯಿಂದ ನಾನು ಒಂದು ಕಡೆ ಕೂತಿರಲಿಲ್ಲ. ಪೇಪರ್ ಹಿಡಿದರೆ ಒಂದೇ ಸಾಲನ್ನು ಮೂರು ಸಲ ಓದುವುದು, ಎದ್ದು ಬಾಗಿಲತನಕ ಹೋಗುವುದು, ಯಾಕೆ ಬಂದೆನೆಂದು ಮರೆತು ತಿರುಗಿ ಬರುವುದು. ಫೋನ್ ಕೈಗೆತ್ತಿಕೊಂಡು, ಗುರುವಾರ ನನ್ನ ಜೊತೆ ಪ್ರದರ್ಶನದ ಜಡ್ಜ್ ಆಗಿದ್ದವರ ನಂಬರ್ ತೆಗೆಯುವುದು, ಒತ್ತದೆ ಕೆಳಗಿಡುವುದು. ಈ ವಯಸ್ಸಿನಲ್ಲಿ ಮನಸ್ಸು ತಣ್ಣಗಾಗುತ್ತದೆ ಎಂದು ಹೇಳುವವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಗುರುವಾರ ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಸುತ್ತಲಿನ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು. ನಾನು ವಿಜಯಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸೈನ್ಸ್ ಕಲಿಸಿದವಳು. ನಿವೃತ್ತಿಯ ನಂತರ ಇಂಥ ಕಡೆ ಜಡ್ಜ್ ಆಗಿ ಕರೆಯುತ್ತಾರೆ. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಹೋಗುತ್ತೇನೆ. ನನ್ನ ಜೊತೆ ಇನ್ನೊಬ್ಬ ಜಡ್ಜ್, ನಿವೃತ್ತ ಲೆಕ್ಚರರ್ ಇದ್ದರು. ಒಳ್ಳೆಯ ಮನುಷ್ಯ, ಆದರೆ ಬೆಳಿಗ್ಗೆಯಿಂದಲೇ ಊಟದ ಹೊತ್ತು ಯಾವಾಗ ಎಂದು ಕೇಳುವವರು.

ಹಾಲಿನ ತುಂಬ ಥರ್ಮೋಕೋಲು. ಕೆಂಪು ಬಣ್ಣ ಉಗುಳುವ ಜ್ವಾಲಾಮುಖಿ ಐದೋ ಆರೋ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಗಳಲ್ಲಿ ಇಂಥ ಮಾಡೆಲ್‌ಗಳು ಸಿದ್ಧವಾಗಿ ಸಿಗುತ್ತವೆ, ಹಿಂದೆ ಅಂಟಿಸಿದ ಚೀಟಿಯನ್ನೂ ಕೆಲವರು ಕಿತ್ತಿರಲಿಲ್ಲ. ಒಬ್ಬಳು ಗಾಳಿಯಂತ್ರದ ಪಕ್ಕ ನಿಂತು "ಮಾನ್ಯ ನಿರ್ಣಾಯಕರೇ" ಎಂದು ಶುರುಮಾಡಿ ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದಳು. ನಡುವೆ ನಾನೊಂದು ಪ್ರಶ್ನೆ ಕೇಳಿದೆ. ಪಾಪ, ಆಕೆ ಕಣ್ಣು ಮುಚ್ಚಿ, ಮತ್ತೆ "ಮಾನ್ಯ ನಿರ್ಣಾಯಕರೇ" ಎಂಬಲ್ಲಿಂದಲೇ ಹೊರಟಳು. ಗಾಳಿಯಂತ್ರವನ್ನು ಕೈಯಿಂದ ತಿರುಗಿಸಿ ತೋರಿಸು ಎಂದರೆ, "ಮುಟ್ಟಬ್ಯಾಡ ಅಂದಾರ್ರಿ, ಮುರಿತೈತಿ," ಎಂದಳು.

ಘೋಣಸಗಿಯ ಹುಡುಗಿ ಕಿಟಕಿಯ ಹತ್ತಿರ, ಮೊದಲ ಸಾಲಿನ ಕೊನೆಯ ಟೇಬಲ್ಲಿನಲ್ಲಿದ್ದಳು. ಒಂಬತ್ತನೆಯ ಇಯತ್ತೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವಳ ಮುಂದೆ ಥರ್ಮೋಕೋಲಿನ ಚೂರೂ ಇರಲಿಲ್ಲ. ಎರಡು ಪ್ಲಾಸ್ಟಿಕ್ ಬಾಟಲಿ, ಒಂದರ ಮೇಲೆ "ಮನಿ ಬೋರ್", ಇನ್ನೊಂದರ ಮೇಲೆ "ಊರ ಬಾವಿ" ಎಂದು ಬರೆದು ಹಿಟ್ಟಿನ ಅಂಟಿನಿಂದ ಅಂಟಿಸಿದ ಚೀಟಿ. ಬಟ್ಟೆ ಒಗೆಯುವ ಸಾಬೂನಿನ ತುಂಡು. ಎರಡು ಸ್ಪಿರಿಟ್ ಲ್ಯಾಂಪಿನ ಮೇಲೆ ಎರಡು ಬೀಕರ್, ಎರಡರಲ್ಲೂ ಕುದಿಯುತ್ತಿರುವ ತೊಗರಿಬೇಳೆ. ಪಕ್ಕದಲ್ಲಿ ಕಂದು ರಟ್ಟು ಹಾಕಿದ ನೋಟ್‌ಬುಕ್ಕು.

"ಏನವ್ವಾ ಇದು, ಸಾಂಬಾರ?" ಎಂದರು ಲೆಕ್ಚರರ್.

"ಅಲ್ರಿ ಸರ್. ನಮ್ಮ ಬೋರಿನ ನೀರ ಸೌಳ ಐತ್ರಿ. ಅದ್ರಾಗ ಬ್ಯಾಳಿ ಲಗೂನ ಬೇಯಂಗಿಲ್ಲ, ಸಾಬಾಣ ಬುರುಗ ಬರಂಗಿಲ್ಲ. ಊರ ಬಾವಿ ನೀರಾಗ ಎರಡೂ ಆಕ್ಕಾವ್ರಿ. ಹದಿನೈದ ದಿವಸ ಮಾಡಿ ಬರಕೊಂಡೇನ್ರಿ."

"ಸರಿ, ತೋರಿಸು."

ಎರಡು ಗ್ಲಾಸಿನಲ್ಲಿ ನೀರು ಹಾಕಿ, ಸಾಬೂನು ತಿಕ್ಕಿ ಅಲುಗಾಡಿಸಿದಳು. ಎರಡರಲ್ಲೂ ಒಂದೇ ಸಮ ಬುರುಗು ಉಕ್ಕಿತು. ಹುಡುಗಿ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದಳು. ಬೀಕರ್‌ಗಳಿಂದ ಒಂದೊಂದು ಬೇಳೆ ತೆಗೆದು ಹಿಸುಕಿದಳು. ಎರಡೂ ಬೆಣ್ಣೆಯ ಹಾಗೆ ಮೆತ್ತಗೆ.

"ಹಾಗಾದರೆ ನಿನ್ನ ರಿಸಲ್ಟ್ ಏನು?" ಎಂದೆ ನಾನು.

"ಇವತ್ತ ಎರಡೂ ಒಂದ ಬಂದಾವ್ರಿ ಮ್ಯಾಡಮ್."

"ಯಾಕೆ?"

"ಗೊತ್ತಿಲ್ರಿ. ಮನ್ಯಾಗ ಒಂದ ದಿವಸಾನೂ ಹಿಂಗ ಬಂದಿಲ್ಲ." ನೋಟ್‌ಬುಕ್ಕು ಮುಂದಕ್ಕೆ ಸರಿಸಿದಳು. "ಇದನ್ನ ನೋಡ್ರಿ."

ನೋಡಲಿಲ್ಲ. ಇನ್ನೂ ಹನ್ನೆರಡು ಟೇಬಲ್ ಬಾಕಿ ಇದ್ದವು, ಊಟದ ವಾಸನೆ ಬರತೊಡಗಿತ್ತು. ಪ್ರತಿ ಮಗುವಿಗೂ ಜಡ್ಜ್‌ಗಳ ಅಭಿಪ್ರಾಯದ ಚೀಟಿ ಕೊಡುವ ಪದ್ಧತಿ ಮಾಡಿದ್ದರು. ನನ್ನ ಅಕ್ಷರ ಚೆನ್ನಾಗಿದೆಯೆಂದು ಬರೆಯುವ ಕೆಲಸ ನನ್ನದು. ಕಾನ್ವೆಂಟಿನ ಕರ್ಸಿವ್ ರೈಟಿಂಗ್ ನೋಡಿ. ಚೆಂದಾಗಿ ಬರೆದೆ: ಬೋತ್ ಸ್ಯಾಂಪಲ್ಸ್ ಸೇಮ್. ರಿಸಲ್ಟ್ ನಾಟ್ ಪ್ರೂವ್ಡ್. ಕೆಳಗೆ ಸಹಿ. ಹುಡುಗಿ ಚೀಟಿಯನ್ನು ಮಡಚಿ ನೋಟ್‌ಬುಕ್ಕಿನಲ್ಲಿಟ್ಟುಕೊಂಡಳು. ಬಹುಮಾನ ತಿರುಗುವ ಗಾಳಿಯಂತ್ರಕ್ಕೆ ಹೋಯಿತು, ಅದೂ ಮೋಟರ್ ಹಾಕಿ ತಿರುಗಿಸಿದ್ದು.

ಸಂಜೆ ಹೊರಡುವಾಗ ಆ ಶಾಲೆಯ ಆಯಾ ನನ್ನ ನೀರಿನ ಬಾಟಲಿ ಇಸಿದುಕೊಂಡಳು. ತುಂಬಿ ತಂದು ಕೊಡುತ್ತ, ನಮ್ಮ ಕಡೆ ಟೀಚರಮ್ಮನನ್ನು ಕರೆಯುವಂತೆ ಬಾಯಾರ ಎಂದು ಕರೆದು, ಹೆಮ್ಮೆಯಿಂದ ಹೇಳಿದಳು: "ಫಿಲ್ಟರ್ ನೀರ್ರಿ ಬಾಯಾರ, ಚಿಂತಿಲ್ದ ಕುಡೀರಿ. ಆ ಘೋಣಸಗಿ ಹುಡುಗಿ ಬಾಟ್ಲ್ಯಾಗ ಏನ ನೀರ ತಂದಿದ್ಲೋ, ಒಂದ್ರಾಗ ತಳಕ್ಕ ಬಿಳೇ ಗಸಿ, ಇನ್ನೊಂದ್ರಾಗ ರಾಡಿ. ಮಕ್ಕಳೆಲ್ಲ ಪ್ರಾರ್ಥನಾಕ್ಕ ಹೋದಾಗ ಎರಡೂ ಚೆಲ್ಲಿ, ತೊಳದು, ಇದನ್ನ ತುಂಬಿಟ್ಟೆ. ದೊಡ್ಡವರ ನೋಡಾಕ ಬರೂಮುಂದ ಛಲೋ ಕಾಣಬೇಕಲ್ರಿ?"

ಚೀಟಿಗಳು ಹಾಳಾಗದಂತೆ ಬೆರಳು ಅಡ್ಡ ಹಿಡಿದು ತೊಳೆದಳಂತೆ. ಆ ಆಯಾಳ ಮುಖದಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ನಾನು ಬಾಟಲಿ ಇಸಿದುಕೊಂಡು ಥ್ಯಾಂಕ್ಯೂ ಎಂದೆ. ನಮ್ಮ ಕಡೆ ಯಾರಾದರೂ ತಪಾಸಣೆಗೆ ಬರುತ್ತಾರೆಂದರೆ ಮೊದಲು ಅಂಗಳ ಸಾರಿಸುತ್ತಾರೆ, ಆಮೇಲೆ ಉಳಿದದ್ದು. ನಾನೂ ಇನ್ಸ್ಪೆಕ್ಷನ್ನಿನ ಹಿಂದಿನ ದಿನ ಹುಡುಗಿಯರಿಂದ ಟೆಸ್ಟ್‌ಟ್ಯೂಬು ತೊಳೆಸಿದವಳೇ. ಅವುಗಳಲ್ಲಿ ಏನನ್ನೂ ಹಾಕಲು ಬಿಟ್ಟಿರಲಿಲ್ಲ, ಅಷ್ಟೆ.

ಕಾರು ಗೇಟಿನಲ್ಲಿತ್ತು. ಲೆಕ್ಚರರ್ ಹಾರ್ನ್ ಮಾಡಿಸುತ್ತಿದ್ದರು. ಹೇಳಬಹುದಾಗಿತ್ತು. ಕಾರಿನಲ್ಲಿ ಪಕ್ಕದಲ್ಲೇ ಕೂತಿದ್ದೆ, ವಿಜಯಪುರದ ತನಕ ದಾರಿಯಿತ್ತು. ಅವರು ತಮ್ಮ ಮೊಣಕಾಲು ನೋವಿನ ಬಗ್ಗೆ ಹೇಳಿದರು. ನಾನು ಹೂಂ ಎಂದೆ. ಫಲಿತಾಂಶ ಓದಿ ಆಗಿದೆ, ಈಗ ಮಾತು ಎತ್ತಿದರೆ ಆಯಾಳಿಗೆ ಬೈಗುಳ ಬೀಳುತ್ತದೆ, ಒಂದು ಪ್ರದರ್ಶನ ತಾನೇ, ಹೀಗೆ ನನಗೆ ನಾನೇ ಹೇಳಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ ಎದೆಯೊಳಗೆ ಏನೋ ಕೆರೆಯಲು ಶುರುವಾಗಿತ್ತು.

ಕೆರೆದದ್ದು ಬರೀ ಗುರುವಾರದ್ದಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಲ್ಯಾಬೊರೇಟರಿ ಎಂದರೆ ಗಾಜಿನ ಬಾಗಿಲಿನ ಒಂದು ಕಪಾಟು. ಕೀಲಿಕೈ ಸಿಸ್ಟರ್ ಅವರ ಸೊಂಟದಲ್ಲಿ ಜಪಮಾಲೆಯ ಪಕ್ಕ ತೂಗುತ್ತಿತ್ತು. ವರ್ಷಕ್ಕೊಮ್ಮೆ ಪೆಂಡ್ಯುಲಮ್ ಹೊರಗೆ ಬರುತ್ತಿತ್ತು. ನಮ್ಮ ಜರ್ನಲ್‌ಗಳಲ್ಲಿ ಉತ್ತರ ಮಾತ್ರ ಹಿಂದಿನ ವರ್ಷದ ಅಕ್ಕಂದಿರ ಜರ್ನಲ್‌ನಿಂದ ಇಳಿಸಿಕೊಂಡು ಮೊದಲೇ ಸಿದ್ಧವಿರುತ್ತಿತ್ತು. ಒಂದು ವರ್ಷ ನಾನು ಪೆಂಡ್ಯುಲಮ್ಮಿನ ತೂಗಾಟವನ್ನು ನಿಜವಾಗಿ ಎಣಿಸಿದೆ. ಬೇರೆ ಅಂಕಿ ಬಂತು. ಬಂದದ್ದನ್ನೇ ಬರೆದೆ. ಸಿಸ್ಟರ್ ಬೈಯಲಿಲ್ಲ, ನಕ್ಕರು. "ಮೈ ಡಿಯರ್ ಗರ್ಲ್, ದ ಬುಕ್ ಈಸ್ ಓಲ್ಡರ್ ದ್ಯಾನ್ ಯು," ಎಂದು ರಬ್ಬರನ್ನು ನನ್ನ ಕೈಗೆ ಕೊಟ್ಟರು. ಅಳಿಸಿದೆ. ಎಷ್ಟು ಸಲೀಸಾಗಿ ಅಳಿಸಿದೆನೆಂದರೆ, ನಾನು ಎಣಿಸಿದ ಅಂಕಿ ಯಾವುದೆಂದು ಈಗ ನೆನಪೂ ಇಲ್ಲ.

ಆಮೇಲೆ ನಾನೇ ಟೀಚರ್ ಆದೆ. ಬೋರ್ಡಿನ ಮೇಲೆ ನನ್ನಷ್ಟು ಚೆಂದ ಡಯಾಗ್ರಾಮ್ ಬರೆಯುವವರು ವಿಜಯಪುರದಲ್ಲಿ ಇರಲಿಲ್ಲ ಎಂದು ಹೆಮ್ಮೆಪಡುತ್ತಿದ್ದೆ. ಪ್ರತಿ ವರ್ಷ ಗಡಸು ನೀರಿನ ಪಾಠ ಮಾಡಿದೆ. ಟೆಂಪರರಿ ಹಾರ್ಡ್‌ನೆಸ್, ಪರ್ಮನೆಂಟ್ ಹಾರ್ಡ್‌ನೆಸ್, ಎಲ್ಲ ಬಣ್ಣದ ಸೀಮೆಸುಣ್ಣದಲ್ಲಿ. ಯಾವ ಓಣಿಯ ಬೋರಿನಲ್ಲಿ ಚಹಾ ಕೆಡುತ್ತದೆ, ಯಾವುದರಲ್ಲಿ ಬೇಳೆ ಬೇಯುವುದಿಲ್ಲ ಎಂದು ಮಕ್ಕಳಿಗೂ ಗೊತ್ತಿರುವ ಊರು ಇದು. ಅಂಥ ಊರಿನಲ್ಲಿ ಕೂತು ಮೂವತ್ತು ವರ್ಷದಲ್ಲಿ ಒಮ್ಮೆಯೂ, ನಾಳೆ ನಿಮ್ಮ ಮನೆಯಿಂದ ಒಂದು ಬಾಟಲಿ ನೀರು ತನ್ನಿರೇ ಎಂದು ನಾನು ಹೇಳಲಿಲ್ಲ. ಗಾಜು ಒಡೆದೀತೆಂಬ ಭಯ, ಸಿಲಬಸ್ ಮುಗಿಯಲಿಕ್ಕಿಲ್ಲವೆಂಬ ಭಯ. ಅದಕ್ಕಿಂತ ಹೆಚ್ಚಾಗಿ, ಪುಸ್ತಕದಲ್ಲಿ ಇಲ್ಲದ್ದು ಬಂದರೆ ಏನು ಹೇಳಲಿ ಎಂಬ ಭಯ.

ರವಿವಾರ ಬೇಳೆಯ ಪಾತ್ರೆ ಮುಚ್ಚಿ, ಪರ್ಸು ತೆಗೆದುಕೊಂಡೆ. ಘೋಣಸಗಿಗೆ ಟಿಕೋಟಾದ ಮೇಲೆಯೇ ದಾರಿ. "ಟಿಕೋಟಾಕ್ಕೆ ಹೋಗಿಬರುತ್ತೇನೆ," ಎಂದೆ.

"ಈ ಬಿಸಲಾಗ? ಟಿಕೋಟಾದಾಗ ಯಾರ ಅದಾರ್ರಿ ನಿಮಗ?"

"ಯಾರೂ ಇಲ್ಲ. ಆದರೂ ಹೋಗಬೇಕು," ಎಂದುಬಿಟ್ಟೆ. ಸೊಸೆ ರೊಟ್ಟಿ ಹಿಡಿದು ಹಾಗೇ ನಿಂತಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ಹೊರಗೆ ನೋಡಲಾಗಲಿಲ್ಲ. ಕೈಚೀಲದ ಜಿಪ್ಪನ್ನು ನಾನು ಮತ್ತೆ ಮತ್ತೆ ಎಳೆಯುವುದನ್ನು ಕಂಡು ಪಕ್ಕದವಳು ನನ್ನ ಕೈಯನ್ನೇ ನೋಡತೊಡಗಿದಳು. ಟಿಕೋಟಾದಲ್ಲಿ ಇಳಿದು ಘೋಣಸಗಿಗೆ ಹೊರಟ ಟಂಟಂ ರಿಕ್ಷಾ ಹತ್ತಿದೆ. ಎದುರಿಗೆ ಕೂತ ಹೆಣ್ಣುಮಗಳಿಗೆ, ಬಾಟಲಿ ಹಿಡಿದು ಬಬಲೇಶ್ವರಕ್ಕೆ ಹೋಗಿದ್ದ ಹುಡುಗಿಯ ಮನೆ ಎಲ್ಲಿ ಎಂದು ಕೇಳಿದೆ. ಆಕೆ ಬಾಯಿಗೆ ಸೆರಗು ಹಚ್ಚಿ ನಕ್ಕಳು.

"ಆ ಹುಡುಗಿ ಮನಿಯೇನ್ರಿ? ಅವರಪ್ಪ ಆ ಇಂಗ್ಲಿಷ್ ಚೀಟಿ ಊರ ತುಂಬ ತೋರಿಸ್ಯಾನ. ನನ್ನ ಬೋರಿನ ನೀರ ಬಾವಿ ನೀರಿನಷ್ಟ ಛಲೋ ಐತಿ ಅಂತ ದೊಡ್ಡ ದೊಡ್ಡ ಬಾಯಾರ ಸಹಿ ಹಾಕಿ ಕೊಟ್ಟಾರಂತ."

ಮನೆಯ ದಾರಿ ಮತ್ತೊಮ್ಮೆ ಕೇಳಿಕೊಂಡು ಇಳಿದೆ.

ಮನೆಯ ಮುಂದೆ ಬೇವಿನ ಮರದ ಕೆಳಗೆ ಹುಡುಗಿಯ ಅಪ್ಪ ಬೈಕ್ ಒರೆಸುತ್ತಿದ್ದ. ನಾನು ಯಾರೆಂದು ತಿಳಿದೊಡನೆ ಓಡಿಬಂದು ಕುರ್ಚಿ ಹಾಕಿದ. "ಬರ್ರಿ ಬಾಯಾರ, ಕುಂದರ್ರಿ. ನಿಮ್ಮ ಸಲುವಾಗಿ ನಮ್ಮನಿ ಜಗಳ ಹರೀತು ನೋಡ್ರಿ," ಎಂದು ಅಂಗಿಯ ಕಿಸೆಯಿಂದ ಚೀಟಿ ತೆಗೆದ. ಮಡಿಕೆ ಮಡಿಕೆಯಾಗಿ ಮಾಸಿತ್ತು, ನನ್ನ ಕರ್ಸಿವ್ ಅಕ್ಷರ ಮಾತ್ರ ಮಾಸಿರಲಿಲ್ಲ.

ಕತೆ ಹೀಗಿತ್ತು. ಮೂರು ವರ್ಷದ ಹಿಂದೆ ಮನೆಯ ಹಿಂದೆ ಆತ ಬೋರ್ ಹಾಕಿಸಿದ. ನೀರು ಬಿದ್ದ ದಿನ ಊರಿಗೆಲ್ಲ ಪೇಢೆ ಹಂಚಿದ. ಆದರೆ ಆ ನೀರು ಸವಳು. ಹೆಂಡತಿ, ಮಗಳು ದಿನಾ ಬೆಳಿಗ್ಗೆ ಊರ ಆಚೆಯ ಬಾವಿಗೆ ಹೋಗಿ ಅಡುಗೆಗೆಂದು ನಾಲ್ಕು ಕೊಡ ಹೊತ್ತು ತರುತ್ತಿದ್ದರು. ಬೈಕಿಗೆ ಎರಡು ಕ್ಯಾನ್ ಕಟ್ಟಿ ತಂದುಕೊಡು ಎಂದರೆ, ಮನೆಯಲ್ಲಿ ಬೋರ್ ಇಟ್ಟುಕೊಂಡವನು ಬಾವಿಗೆ ಹೋದರೆ ಊರು ನಗುತ್ತದೆ ಎನ್ನುವುದು ಆತನ ಮಾತು. ಮಗಳು ವಿಜ್ಞಾನದಿಂದ ಅಪ್ಪನನ್ನು ಒಪ್ಪಿಸಲು ಹೊರಟಿದ್ದಳು. ನನ್ನ ಚೀಟಿ ಬಂದ ಮೇಲೆ ಆತ ಬಾವಿಯ ನೀರನ್ನೇ ಬಂದ್ ಮಾಡಿಸಿದ್ದ. ಮೂರು ದಿನದಿಂದ ಮನೆಯಲ್ಲಿ ಗಟ್ಟಿ ಬೇಳೆ.

"ಹರೀಲಿಲ್ರಿ ಜಗಳ, ನನ್ನ ಹಲ್ಲ ಹರದಾವ," ಎಂದಿತು ಒಳಗಿನಿಂದ ಮುದುಕಿಯ ದನಿ. ಆತನ ತಾಯಿ. ಗೋಡೆ ಹಿಡಿದು ಹೊರಗೆ ಬಂದಳು. "ಇದ್ದದ್ದ ಎರಡ. ಈಗ ಬ್ಯಾಳಿ ಅಗಿಯಂಗಿಲ್ಲ, ನುಂಗತೇನಿ, ಗುಳಿಗಿ ನುಂಗಿದಂಗ."

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ ನಮಸ್ಕಾರ ಮಾಡಿದಳು. ಅವಳ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕುರ್ಚಿಯಲ್ಲಿ ಕೂಡಲಾಗಲಿಲ್ಲ. ನಿಂತೇ ಹೇಳಿದೆ. ಬಾಟಲಿಯ ನೀರು ಬದಲಾಗಿತ್ತು, ಎರಡರಲ್ಲೂ ಶಾಲೆಯ ಫಿಲ್ಟರ್ ನೀರಿತ್ತು. ನನಗೆ ಅದೇ ಸಂಜೆ ಗೊತ್ತಾಗಿತ್ತು. ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. "ಐ ಆಮ್ ಸಾರಿ" ಎಂಬುದು ಬಾಯಿಗೆ ಬಂತು, ನುಂಗಿ, "ನಾನು ತಪ್ಪು ಮಾಡಿದೆ," ಎಂದು ಹುಡುಗಿಗೆ ಹೇಳಿದೆ.

ಅವಳು ಒಂದು ಕ್ಷಣ ಏನನ್ನೋ ಲೆಕ್ಕ ಹಾಕುವವಳಂತೆ ನಿಂತಳು. ಆಮೇಲೆ ಮುಖ ಅರಳಿತು. "ಅದಕ್ಕ ಬುರುಗ ಬಂತಲ್ರಿ! ನಾ ಸಾಬಾಣದ್ದ ತಪ್ಪ ಅಂತ ಮೂರ ದಿವಸ ಬ್ಯಾರೆ ಬ್ಯಾರೆ ಸಾಬಾಣ ತಿಕ್ಕಿ ನೋಡಾಕತ್ತಿದ್ದೆ."

ನಾನು ಮೂರು ದಿನ ಬಾಗಿಲಿಗೂ ಅಡುಗೆಮನೆಗೂ ತಿರುಗಿದೆ. ಇವಳು ಮೂರು ದಿನ ತಪ್ಪನ್ನು ಹುಡುಕಿದ್ದಳು.

ಅಪ್ಪ ಮಾತ್ರ ಬಗ್ಗಲಿಲ್ಲ. "ಅಂದ್ರ ಫಿಲ್ಟರ್ ನೀರು ಫಿಲ್ಟರ್ ನೀರಿನ ಕೂಡ ಕುಸ್ತಿ ಹಿಡದೇತಿ ಅನ್ರಿ. ಸಮ ಆಗಲಾರದ ಏನ ಮಾಡೀತು! ಆದ್ರ ಬಾಯಾರ, ನೀವ ಬರದದ್ದ ಒಂದು, ಹೇಳೂದ ಒಂದು. ಯಾವದ ನಂಬಲಿ?"

"ಎರಡನ್ನೂ ನಂಬಬೇಡಿ. ನಿಮ್ಮ ಅಡುಗೆಮನೆಯಲ್ಲೇ ನೋಡೋಣ," ಎಂದೆ.

ಹುಡುಗಿಯ ತಾಯಿ ನೆರೆಮನೆಯಿಂದ ಒಂದು ತಂಬಿಗೆ ಬಾವಿಯ ನೀರು ಇಸಿದು ತಂದಳು. ಹುಡುಗಿ ಐವತ್ತೈವತ್ತು ಬೇಳೆ ಎಣಿಸಿ ಎರಡು ಬೋಗುಣಿಗೆ ಹಾಕಿ, ಒಂದೇ ಗ್ಲಾಸಿನಿಂದ ಅಳೆದು ನೀರು ಸುರಿದು, ಗ್ಯಾಸಿನ ಎರಡು ಒಲೆಯ ಮೇಲಿಟ್ಟಳು. ಅಪ್ಪ ಬಾಗಿಲಲ್ಲೇ ನಿಂತು ಆಕ್ಷೇಪಣೆ ತೆಗೆದ. "ಆ ಕಡೆ ಉರಿ ಜಾಸ್ತಿ ಐತಿ."

"ಗೊತ್ತೈತಿ ಯಪ್ಪಾ. ಅದಕ್ಕ ಐದೈದ ಮಿನಿಟಿಗೊಮ್ಮೆ ಅದಲಿ ಬದಲಿ ಮಾಡತೇನಿ."

ಗಡಿಯಾರ ನೋಡಿ ಬೋಗುಣಿಗಳನ್ನು ಅತ್ತಿಂದಿತ್ತ ಇಟ್ಟಳು. ಇದನ್ನು ಇವಳಿಗೆ ಯಾರು ಕಲಿಸಿದರು? ನಾನಂತೂ ಯಾರಿಗೂ ಕಲಿಸಿರಲಿಲ್ಲ. ನೋಟ್‌ಬುಕ್ಕು ಕೇಳಿ ತೆಗೆದುಕೊಂಡು, ಅಂದು ಓದಬೇಕಾಗಿದ್ದನ್ನು ಅಲ್ಲಿ ನಿಂತು ಓದಿದೆ. ಒಂದು ದಿನದ ಸಾಲಿನಲ್ಲಿ, "ಇವತ್ತು ಗ್ಯಾಸ್ ಮುಗಿಯಿತು, ಅರ್ಧಕ್ಕೆ ನಿಂತಿದೆ, ಇದನ್ನು ಹಿಡಿಯಬಾರದು" ಎಂದಿತ್ತು. ಅಳಿಸಿದ ಗುರುತು ಎಲ್ಲೂ ಇರಲಿಲ್ಲ.

ಮುಕ್ಕಾಲು ತಾಸಾದ ಮೇಲೆ ಒಲೆ ಆರಿಸಿ, ಎರಡು ಬಟ್ಟಲಲ್ಲಿ ಬೇಳೆ ಹಾಕಿ, ಯಾವುದು ಎಲ್ಲಿಯದೆಂದು ಹೇಳದೆ ಅಜ್ಜಿಯ ಮುಂದಿಟ್ಟಳು. ಅಜ್ಜಿ ಒಂದೊಂದು ಬಾಯಿಗೆ ಹಾಕಿಕೊಂಡು ವಸಡಿನಲ್ಲಿ ಒತ್ತಿದಳು. "ಇದು ಬಾವಿ. ಇದು ನಿಮ್ಮಪ್ಪನ ಬೋರು."

"ಅಕಿ ನಿಮ್ಮ ಕಡೆದಾಕಿ," ಎಂದ ಅಪ್ಪ ಮಗಳಿಗೆ. "ನೀ ಕಣ್ಣ ಸನ್ನಿ ಮಾಡಿರ್ತಿ. ತಾ ಇಲ್ಲೆ." ಬಟ್ಟಲುಗಳನ್ನು ಕಸಿದುಕೊಂಡು ಹಿತ್ತಿಲಿಗೆ ಹೋದ. ಏನೇನು ಅದಲು ಬದಲು ಮಾಡಿದನೋ, ಬಂದು ತಾನೇ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಹೇಳ ಬೇ ಈಗ."

ಮುದುಕಿ ಮಗನ ಮುಖವನ್ನೇ ನೋಡುತ್ತ ಒತ್ತಿದಳು, ಇನ್ನೊಂದನ್ನೂ ಒತ್ತಿದಳು. "ಜಾಗಾ ಬದಲ ಮಾಡಿ ತಂದೀಯಲ್ಲೋ. ಈಗ ಇದು ಬಾವಿ."

ಆತ ಬಟ್ಟಲಿನಿಂದ ತಾನೂ ಒಂದು ಬೇಳೆ ತೆಗೆದು ಬೆರಳಲ್ಲಿ ಹಿಸುಕಿದ, ಇನ್ನೊಂದನ್ನು ಹಿಸುಕಿದ. ಬೆರಳು ಒರೆಸಿಕೊಳ್ಳುವುದನ್ನೂ ಮರೆತು ಹೆಂಡತಿಯ ಕಡೆ ನೋಡಿದ. ಆಕೆ ಬೋಗುಣಿ ತೊಳೆಯಲು ತೆಗೆದುಕೊಂಡಳು. ಮೂರು ವರ್ಷ ಹೇಳಿದ್ದನ್ನು ಮತ್ತೆ ಯಾಕೆ ಹೇಳಬೇಕು?

ನಾನು ಪೆನ್ನು ತೆಗೆದೆ. "ಆ ಚೀಟಿ ಕೊಡಿ. ಹೊಡೆದುಹಾಕಿ ಸರಿಯಾದದ್ದು ಬರೆಯುತ್ತೇನೆ."

"ಈಗ ಬ್ಯಾಡ್ರಿ ಮ್ಯಾಡಮ್," ಎಂದಳು ಹುಡುಗಿ. "ಬಬಲೇಶ್ವರದಾಗೂ ಒಂದ ದಿವಸ ನೋಡಿನ ಬರದೀರಿ. ಇದೂ ಒಂದ ದಿವಸದ್ದ ಆತಲ್ರಿ."

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಹುಡುಗಿಯೂ ನನಗೆ ಹೀಗೆ ಪೆನ್ನು ಮುಚ್ಚಿಸಿರಲಿಲ್ಲ.

ಅಪ್ಪ ಎದ್ದ. ಮೂಲೆಯಲ್ಲಿದ್ದ ಎರಡು ಖಾಲಿ ಎಣ್ಣೆಕ್ಯಾನ್ ಎತ್ತಿ ಹೊರಗೆ ಒಯ್ದು ಬೈಕಿಗೆ ಹಗ್ಗದಿಂದ ಬಿಗಿಯತೊಡಗಿದ. "ನಾಳೆ ಮತ್ತ ಮಾಡು. ನೀರ ನಾನ ತರ್ತೇನಿ. ನೆರಿಮನಿ ನೀರ ನಂಬಂಗಿಲ್ಲ, ಯಾರರ ಬದಲ ಮಾಡಿದ್ರ? ಬಾವಿಗೆ ನಾನ ಹೋಗಿ, ನಾನ ತುಂಬಿ, ನಾನ ತರ್ತೇನಿ. ನೀವ್ಯಾರೂ ಮುಟ್ಟಬ್ಯಾಡ್ರಿ."

"ಹದಿನೈದ ದಿವಸ ತರಬೇಕಾಕ್ಕೈತಿ ಯಪ್ಪಾ."

"ತರ್ತೇನ್ಲೇ. ಏನ ಹೆದರ್ಸಾಕತ್ತಿ?"

"ಕ್ಯಾನಿನ ಎಣ್ಣಿ ತೊಳಿ ಮೊದಲ," ಎಂದಳು ಹೆಂಡತಿ ಒಳಗಿನಿಂದ. ಅವಳ ದನಿಯಲ್ಲಿ ನಗು ಇತ್ತು.

ಬೈಕು ಬಾವಿಯ ದಾರಿಗೆ ಹೊರಳಿತು. ಕಟ್ಟೆಯ ಮೇಲೆ ಕೂತವರು ಯಾರೋ ಕೂಗಿ ಏನೋ ಚೇಷ್ಟೆ ಮಾಡಿದರು. ಆತ ಕೈ ಬೀಸಿ, "ಪ್ರಯೋಗ ಐತೋ!" ಎಂದು ಕೂಗಿದ್ದು ಕೇಳಿಸಿತು.

ಚೀಟಿ ಆತನ ಕಿಸೆಯಲ್ಲೇ ಹೋಯಿತು. ಹುಡುಗಿ ನನ್ನನ್ನು ಟಂಟಂ ತನಕ ಕಳಿಸಲು ಬಂದಳು. ದಾರಿಯಲ್ಲೇ ನಾನು ಲೆಕ್ಚರರ್ ಅವರ ನಂಬರ್ ಒತ್ತಿದೆ. ಅವರು ಎತ್ತಿದರು, ಮೊಣಕಾಲಿನ ಸುದ್ದಿಯಿಂದಲೇ ಶುರು ಮಾಡಿದರು. "ಒಂದು ನಿಮಿಷ ತಡೀರಿ ಸರ್, ನನ್ನದು ಮೊದಲು," ಎಂದೆ.